ತನ್ನ ಕಲ್ಲು ತಾನೇ ತೊಳೆದವನು

...ಹಾಗೆ ಕಂಬದ ಥರ ನಿಂತಿರಬೇಡ, ಕೂತ್ಕೋ. ಟೋಪಿ ಕಣ್ಣಿನ ತನಕ ಎಳ್ಕೋ. ಅಲ್ಲಿ ಹೌಸರ್ ಮನೆಯೋರು ಅವರಜ್ಜನ ಸಮಾಧಿ ಕಲ್ಲು ಉಜ್ತಿದಾರೆ, ಇತ್ತ ತಿರುಗಿದ್ರೆ ಕಷ್ಟ. ಹನ್ನೊಂದು ವರ್ಷದ ಹಿಂದೆ ಸತ್ತ ಎಮೋರಿ ತನ್ನ ಸಮಾಧಿ ಪಕ್ಕದಲ್ಲೇ ನಿಂತು ಅಕ್ಕನ ಮುಖ ನೋಡ್ತಿದಾನೆ ಅಂದ್ರೆ... ನಾಳೆ ಈಸ್ಟರ್. ಬೆಳಕು ಹರಿಯೋ ಹೊತ್ತಿಗೆ ಇದೇ ಜನ ಇಲ್ಲೇ ನಿಂತು, ಸತ್ತೋರೆಲ್ಲ ಎದ್ದು ಬರ್ತಾರೆ ಅಂತ ಹಾಡ್ತಾರೆ. ಆದ್ರೆ ಒಬ್ಬನೇ, ಅದೂ ಒಂದು ದಿನ ಮುಂಚೆ ಎದ್ದು ಬಂದ್ರೆ ಕಿತ್ಕೊಂಡು ಓಡ್ತಾರೆ.

ನಗು, ನಗು. ನಗು ಹಾಗೇ ಇದೆ, ಹಲ್ಲು ಮಾತ್ರ ಎರಡು ಕಮ್ಮಿ.

ಇಗೋ ಬ್ರಶ್ಶು. ಪ್ರತಿ ವರ್ಷ ಈಸ್ಟರ್ ಹಿಂದಿನ ಈ ಶನಿವಾರ ಊರೋರೆಲ್ಲ ತಮ್ಮೋರ ಕಲ್ಲು ತೊಳೆಯೋವಾಗ ನಿನ್ನದನ್ನ ನಾನೇ ತೊಳೀತಿದ್ದೆ, ಇವತ್ತು ನೀನೇ ತೊಳಿ. ನಿನ್ನ ಕಲ್ಲು ತಾನೆ. ಹೆಸರಿನ ಅಕ್ಷರದೊಳಗೆ ಪಾಚಿ ಕೂತಿರುತ್ತೆ, ಅಲ್ಲಿ ಒತ್ತಿ ಉಜ್ಜು.

ಹೇಗಾಯ್ತು ಅಂತ ಕೇಳಲ್ವಾ? ಆಯ್ತು, ನಾನೇ ಹೇಳ್ತೀನಿ. ನೀನು ಜಗಳ ಆಡಿ ಅಲಾಸ್ಕಾಕ್ಕೆ ಹೋದೆ, ಮೀನಿನ ಕಾರ್ಖಾನೆ ಕೆಲಸಕ್ಕೆ. ನಾಲ್ಕು ವರ್ಷ ಸುದ್ದಿ ಇಲ್ಲ. ಆಮೇಲೆ ಅಲ್ಲಿ ಕೂಲಿಯವರ ಬಿಡಾರಕ್ಕೆ ಬೆಂಕಿ ಬಿತ್ತಂತೆ. ಗುರುತು ಹಿಡಿಯೋ ಹಾಗೇ ಇರಲಿಲ್ಲವಂತೆ. ಒಂದು ಡಬ್ಬಿ ಬೂದಿ ಬಂತು, ನಿನ್ನ ಹೆಸರು ಬರೆದು. ಯಾರೋ ಗುಮಾಸ್ತ ತಪ್ಪು ಬರೆದಿರಬೇಕು. ದೂರದ ಕಚೇರಿ, ಹೀಗೆಲ್ಲ ಆಗುತ್ತೆ. ಇಲ್ಲೇ ಹೂಳಿದ್ವಿ. ಚರ್ಚಿನ ಕಹಳೆ ಊದೋರು ಆರು ಜನ ಬಂದಿದ್ರು. ಚೆನ್ನಾಗೇ ಕಳಿಸಿದ್ವಿ ನಿನ್ನ.

ಒಂದು ಕಾಗದ ಹಾಕಿದ್ರೆ ಈ ಗತಿ ಬರ್ತಿತ್ತೇನೋ? ಏನು, ತಲೆ ಆಡಿಸ್ತೀಯ... ಹಾಕಿದ್ಯಾ? ಬರಲಿಲ್ಲ ಕಣೋ. ಅಂಚೆಯೋರನ್ನ ನಂಬೋ ಹಾಗೇ ಇಲ್ಲ. ಉಜ್ಜು, ಉಜ್ಜು.

ಅಮ್ಮನ ವಿಷಯ ಹೇಳ್ಬೇಕು ನಿನಗೆ. ನೀನು ಹೋದ ಮೇಲೆ ಅವಳು ಕಿಟಕಿ ಬಿಟ್ಟು ಏಳಲಿಲ್ಲ. ನಾನು ತಟ್ಟೆ ಕೊಟ್ರೆ ರಸ್ತೆ ನೋಡ್ಕೊಂಡೇ ತಿನ್ನೋಳು. ತಲೆ ಬಾಚೋವಾಗಲೂ ಕತ್ತು ಆ ಕಡೆಗೇ. ಅವಳ ಹುಟ್ಟುಹಬ್ಬಕ್ಕೆ ಸಕ್ಕರೆ ಕೇಕು ಮಾಡಿದ್ದೆ. ಮೂಲೆಯ ತುಂಡು, ಸಕ್ಕರೆ ಕರಗಿ ಇಳಿದಿರುತ್ತಲ್ಲ, ಅದನ್ನ ತೆಗೆದಿಟ್ಲು. ಎಮೋರಿಗೆ ಅಂದ್ಲು. ನಾಲ್ಕು ದಿನ ಇತ್ತು, ಆಮೇಲೆ ಇರುವೆ ತಿಂತು.

ಬೂದಿ ಹೂಳಿದ ಮೇಲೆ ಮೂರು ವಾರ ಹಾಸಿಗೆ ಹಿಡಿದ್ಲು. ಮುಗೀತು, ಇನ್ನಾದ್ರೂ ನನ್ನ ಕಡೆ ನೋಡ್ತಾಳೆ ಅಂದ್ಕೊಂಡೆ... ಅಂದ್ರೆ, ಇನ್ನು ಚೇತರಿಸ್ಕೋತಾಳೆ ಅಂತ. ಚೇತರಿಸ್ಕೊಂಡ್ಲು ನೋಡು. ಈಸ್ಟರ್ ಬೆಳಗ್ಗೆ ಕೋಲೂರಿಕೊಂಡು ಬಂದು ಇಲ್ಲಿ ನಿಂತ್ಲು. ಪಾದ್ರಿ 'ಕರ್ತನು ಎದ್ದಿದ್ದಾನೆ' ಅಂದ್ರು. ಎಲ್ಲರಿಗಿಂತ ಮುಂಚೆ, ಎಲ್ಲರಿಗಿಂತ ಜೋರಾಗಿ ಅಮ್ಮ 'ನಿಜವಾಗಿಯೂ ಎದ್ದಿದ್ದಾನೆ' ಅಂದ್ಲು. ಮನೆಗೆ ಬಂದು ಎರಡು ಬನ್ನು ತಿಂದು ಏನಂದ್ಲು ಗೊತ್ತಾ? 'ಇನ್ನು ಅವನು ತಪ್ಪಿಸ್ಕೊಳ್ಳೋಕಾಗಲ್ಲ ಕಣೆ. ಸತ್ತೋರೆಲ್ಲ ಏಳೋ ಆ ದಿನ ಬೆಳಗ್ಗೆ ಅವನೂ ಏಳಲೇಬೇಕು, ನಾನೂ ಏಳಲೇಬೇಕು. ನಮ್ಮ ಸ್ಮಶಾನದಲ್ಲಿ ಮದುವೆಯಾಗದ ಗಂಡಸರನ್ನ ಹೂಳೋ ಸಾಲು ಒಂದು ಕಡೆ, ನಮ್ಮಂಥ ಮದುವೆಯಾದ ಹೆಂಗಸರ ಸಾಲು ಎದುರಿಗೇ. ಹತ್ತು ಹೆಜ್ಜೆ ಅಷ್ಟೆ.' ಹೇಳಿ ನಕ್ಕಳು. ನಾಲ್ಕು ವರ್ಷದಲ್ಲಿ ಮೊದಲನೇ ನಗು.

ರಸ್ತೆ ನೋಡೋದು ಬಿಟ್ಲು, ಆಕಾಶ ನೋಡೋಕೆ ಶುರು ಮಾಡಿದ್ಲು. ನಾನು ಎಲ್ಲಿದ್ನೋ ಅಲ್ಲೇ, ತಟ್ಟೆ ಹಿಡ್ಕೊಂಡು.

ಅವಳು ಹೋಗಿ ಮೂರು ವರ್ಷ. ಅಗೋ, ಆ ಸಾಲಲ್ಲಿ ಕೊನೆಯಿಂದ ಎರಡನೇದು. ಭಯ ಅನ್ನೋದು ಒಂಚೂರೂ ಇರಲಿಲ್ಲ. ನಿನ್ನ ನೋಡೋಕೆ ಹೊರಟೋಳಿಗೆ ಎಂಥ ಭಯ? ಈಗ ಮೇಲೆ ಸ್ವರ್ಗದಲ್ಲಿ ಕಂಡಕಂಡೋರನ್ನ ನಿಲ್ಲಿಸಿ ಕೇಳ್ತಿರ್ತಾಳೆ, ನಮ್ಮ ಎಮೋರಿನ ನೋಡಿದ್ರಾ ಅಂತ. ಅವರೆಲ್ಲ ಮುಖ ಮುಖ ನೋಡ್ಕೋತಾರೆ...

ಏನಾದ್ರೂ ಮಾತಾಡೋ. ಬೈದ್ರೂ ಸರಿ.

ಒಂದು ಮಾತೂ ಯಾಕೆ ಕೇಳಲ್ಲ ನೀನು? ಬೇರೆ ಯಾರೇ ಆಗಿದ್ರೂ ಮೊದಲು ಇದನ್ನೇ ಕೇಳೋರು. ಹಾಗಾದ್ರೆ ಈ ಕಲ್ಲಿನ ಕೆಳಗೆ ಇರೋದು ಯಾರು, ಯಾವ ತಾಯಿಯ ಮಗ ಅಂತ. ನೀನು ಕೇಳಲೇ ಇಲ್ಲ. ಉಜ್ತಾನೇ ಇದೀಯ.

ಗೊತ್ತು ನಿನಗೆ, ಅಲ್ವಾ? ಬಂದಾಗಿಂದ್ಲೂ ಗೊತ್ತು. ಗೊತ್ತಿದ್ದೂ ಇಷ್ಟು ಹೊತ್ತು ನನ್ನ ಬಾಯಿ ಆಡೋಕೆ ಬಿಟ್ಟೆ.

ಯಾರೂ ಇಲ್ಲ ಕಣೋ. ನಮ್ಮ ಅಡುಗೆಮನೆ ಒಲೆ ಬೂದಿ. ಕಾಫಿ ಡಬ್ಬಿಗೆ ನಾನೇ ತುಂಬಿದ್ದು. ಬೆಂಕಿನೂ ಬಿದ್ದಿಲ್ಲ, ಗುಮಾಸ್ತನೂ ಇಲ್ಲ. ನಿನ್ನ ಕಾಗದ ಬಂದಿತ್ತು, ಜೈಲಿಂದ. ಕುಡಿದು ಲಾರಿ ಓಡಿಸಿ ಒಬ್ಬ ಹೆಂಗಸಿನ ಪ್ರಾಣ ತೆಗೆದೆ, ಹನ್ನೆರಡು ವರ್ಷ ಹಾಕಿದಾರೆ, ಅಮ್ಮನಿಗೆ ಹೇಳೋದೂ ಬಿಡೋದೂ ನಿನ್ನ ಕೈಲಿದೆ ಅಕ್ಕಾ ಅಂತ ಬರೆದಿದ್ದೆ. ಮನೆ ಮಾನ ಉಳಿಸೋಕೆ ಹಾಗೆ ಮಾಡ್ದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳ್ಕೊಂಡೆ. ಸುಳ್ಳು. ಕಾಯೋದು ಮುಗಿದ್ರೆ ಅಮ್ಮ ಒಂದು ಸಲ ನನ್ನ ಮುಖ ನೋಡ್ತಾಳೆ ಅಂತ ಮಾಡಿದ್ದು. ಅಷ್ಟೇ.

ಹನ್ನೊಂದು ಈಸ್ಟರ್ ಇಲ್ಲಿ ನಿಂತು ಹಾಡಿದೀನಿ ಎಮೋರಿ. ಊರೆಲ್ಲ ಸತ್ತೋರು ಏಳಲಿ ಅಂತ ಬೇಡ್ಕೊಳ್ಳುವಾಗ ನಾನೊಬ್ಳೇ, ಇವನೊಬ್ಬ ಏಳದಿರಲಿ ದೇವರೇ ಅಂತ...

ಆದ್ರೂ, ಈಗ ಗೇಟಿನ ಹತ್ರ ನೀನು ನಡ್ಕೊಂಡು ಬರೋದು ಕಂಡಾಗ ನಾನು ಕೂಗಿದ್ದು ಕೇಳಿಸ್ತಾ ನಿನಗೆ? ಹೆದರಿ ಕೂಗಿದ್ದಲ್ಲ. ಅಮ್ಮನ ಸಾಲಿನ ಕಡೆ ತಿರುಗಿ ಕೂಗಿದ್ದು. 'ಅಮ್ಮಾ, ಎಮೋರಿ ಬಂದ ನೋಡು' ಅಂತ.