ಹಗ್ಗದ ಮೇಲಿನ ಕೈ

ತ್ರಿಯೆಸ್ತೆ ಬಂದರಿನಲ್ಲಿ ಅಂದು ಮಧ್ಯಾಹ್ನವೇ ಬೋರಾ ಗಾಳಿ ಎದ್ದಿತ್ತು. ಗುಡ್ಡದಿಂದಿಳಿದು ಕಡಲಿಗೆ ನುಗ್ಗುವ ಆ ಗಾಳಿಗೆ ಸಿಕ್ಕಿ ಲಿವಿಯೋನ ಕಾಫಿ ಅಂಗಡಿಯಲ್ಲಿ ಏಳೆಂಟು ಮಂದಿ ಉಳಿದುಬಿಟ್ಟಿದ್ದರು. ಹಡಗು ಕಚೇರಿಯ ಹೊಸ ಗುಮಾಸ್ತ, ಬೀದಿ ಮೂಲೆಗಳಲ್ಲಿ ಹಗ್ಗ ಕಟ್ಟಿದೆಯಲ್ಲ, ಹಿಡಿದುಕೊಂಡು ಹೋದರಾಯಿತು ಎಂದು ಎದ್ದ. ನೆರೀನಾ ಅಜ್ಜಿ ಅವನ ಕೋಟು ಹಿಡಿದು ಜಗ್ಗಿದಳು.

"ಕೂತ್ಕೊಳ್ಳಪ್ಪಾ. ಹೆಂಡ್ತಿ ಎಲ್ಲೂ ಓಡಿಹೋಗಲ್ಲ."

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಹೇಳತೊಡಗಿದಳು.

"ನಾನು, ದಾರಿಂಕಾ ಇಬ್ರೂ ಗೋದಾಮಲ್ಲಿ ಕಾಫಿಬೀಜ ಆರಿಸೋರು. ಅವಳು ಗುಡ್ಡದ ಮೇಲಿನ ಸ್ಲೊವೀನರ ಹುಡುಗಿ, ನಾನು ಇಟಲಿಯೋಳು. ಹೊರಗೆ ನಮ್ಮೋರು ಅವಳ ಕಡೆಯೋರು ಮುಖ ಕೊಟ್ಟು ಮಾತಾಡ್ತಿರಲಿಲ್ಲ, ಒಳಗೆ ನಾವಿಬ್ರೂ ಒಂದೇ ಬಟ್ಟಲಲ್ಲಿ ಹುಳಿ ಬರಿಸಿದ ಕೋಸಿನ ಸಾರು ಕುಡೀತಿದ್ವಿ. ಒಂದಿನ ಇಂಥದೇ ಗಾಳಿ... ಕಡಲಂಚಿನ ಮೂಲೆ. ನನ್ನ ಒಂದು ಕೈಲಿ ಹಗ್ಗ, ಇನ್ನೊಂದರಲ್ಲಿ ಅವಳ ಕೈ. ಗಾಳಿ ಅವಳ ಕಾಲನ್ನ ನೆಲದಿಂದಲೇ ಎತ್ತಿಬಿಡ್ತು ಕಣ್ರೋ. 'ಬಿಡಬೇಡ್ವೇ ನೆರೀನಾ' ಅಂದ್ಲು. ಗಾಳಿ ಕಡಲಿಗೆ ಹೊತ್ಕೊಂಡು ಹೋಯ್ತು ಅಂತ ಊರೆಲ್ಲಾ ಅಂತು, ನಾನೂ ಹೂಂಗುಟ್ಟಿದೆ. ಗಾಳೀನಾ?... ಹಗ್ಗ ನನ್ನ ಕೈಯಿಂದ ಜಾರ್ತಿತ್ತು. ನಾನೇ... ಅವಳ ಬೆರಳು ಬಿಡಿಸಿದೆ."

ಲಿವಿಯೋ ಒರೆಸುತ್ತಿದ್ದ ಲೋಟ ಕೆಳಗಿಟ್ಟ.

"ಅಜ್ಜೀ, ಈ ಮಾತು ಇದುವರೆಗೆ ಯಾರಿಗಾದ್ರೂ..."

"ಯಾರಿಗೂ ಹೇಳಿಲ್ಲ. ಅದರ ಮುಂದಿನ ಚಳಿಗಾಲದಿಂದ ಶುರುವಾಯ್ತು ನೋಡಿ. ಆ ಮೂಲೇಲಿ ಒಂಟಿಯಾಗಿ ಹಗ್ಗ ಹಿಡಿದೋರ ಕೈ ಮೇಲೆ ಹಿಂದಿನಿಂದ ಇನ್ನೊಂದು ಕೈ ಬಂದು ಕೂರುತ್ತೆ. ಮಂಜುಗಡ್ಡೆಯಂಥ ಕೈ. ಗಟ್ಟಿ ಹಿಡಿದು, ತಾಯಿ ಮಗೂನ ದಾಟಿಸಿದ ಹಾಗೆ ಆಚೆಗೆ ದಾಟಿಸುತ್ತೆ. ಇದುವರೆಗೂ ಒಬ್ಬರನ್ನೂ ಬಿಟ್ಟಿಲ್ಲ ಅವಳು. ಹಾಗಾದ್ರೆ ಭಯ ಯಾಕೆ ಅಂತೀರಾ? ದಾಟಿಸಿದ ಮೇಲೆ ಕಿವಿ ಹತ್ರ ಬಂದು ಒಂದೇ ಮಾತು ಕೇಳ್ತಾಳಂತೆ... 'ನೆರೀನಾ ಇನ್ನೂ ಇದಾಳಾ?' ಮೊದಲೆಲ್ಲ ಜನ ಹೆದರಿ ಓಡಿಬಿಡೋರು, ಉತ್ತರ ಯಾರೂ ಕೊಟ್ಟಿರಲಿಲ್ಲ. ಹೋದ ವಾರ ಮೀನು ಮಾರೋ ಬ್ರೂನಾ, ಪಾಪ, ಏನೂ ತಿಳೀದೆ, 'ಇದಾಳಲ್ಲ, ದಿನಾ ಲಿವಿಯೋನ ಅಂಗಡೀಲೇ ಕೂರ್ತಾಳೆ' ಅಂದ್ಬಿಟ್ಳಂತೆ."

ಬಾಗಿಲು ದಡಬಡಿಸಿತು. ತೆರೆಯಲು ಯಾರೂ ಏಳಲಿಲ್ಲ. ಅಜ್ಜಿ ಗುಮಾಸ್ತನ ಕೋಟು ಬಿಟ್ಟಳು.

"ಈಗ ಹೋಗಪ್ಪಾ ನೀನು. ದಾರೀಲಿ ಅವಳು ಕೇಳಿದ್ರೆ... ನೆರೀನಾ ಸತ್ತುಹೋದ್ಲು ಅಂತ ಹೇಳು."