ಮುಳ್ಳು ಕೆಂಪಿಗೆ ಹೋದದ್ದು ಯಾರಿಂದ

ಅಲ್ಲ ಮೇಸ್ತ್ರಿ, ಸುಮ್ನೆ ಬಾನೆಟ್ ಒಳಗೆ ತಲೆ ಹಾಕ್ಕೊಂಡು ನಿಂತ್ರೆ ಹೇಗೆ? ಎಂಜಿನ್ ಯಾಕೆ ಹೀಗೆ ಕಾಯ್ತಿದೆ ಅಂತ ಒಂದು ಮಾತು ಹೇಳಿ... ಹೋಗ್ಲಿ, ನಾನೇ ಹೇಳ್ತೀನಿ. ನನ್ನ ಮಗಳು. ಬಾಗಿಲ ಹತ್ರ ಬೆಂಚಲ್ಲಿ ಮುಖ ಊದಿಸ್ಕೊಂಡು ಕೂತಿದ್ದಾಳಲ್ಲ, ಅವಳೇ ಕಾರಣ.

ಕಾರಿಗೆ ಇಪ್ಪತ್ತೆರಡು ವರ್ಷ. ನನ್ನ ಕೈಲಿ ಒಂದು ದಿನ ಕುದ್ದಿಲ್ಲ. ಹೋದ ತಿಂಗಳು ಇವಳು ಓಡಿಸೋಕೆ ಶುರು ಮಾಡಿದ್ಲು ನೋಡಿ... ಖಾಲಿ ರಸ್ತೆಲಿ ಗಾಡಿ ಸಾಧು ಹಸು. ಸಿಗ್ನಲಲ್ಲಿ ಎರಡು ನಿಮಿಷ ನಿಂತ್ರೆ ಬಿಸಿ ತೋರಿಸೋ ಮುಳ್ಳು ಸೀದಾ ಕೆಂಪಿಗೆ, ಬುಸ್ ಅಂತ ಹಬೆ! ಆವತ್ತೇ ಕೀ ಕಿತ್ಕೊಂಡೆ. ಸೋಮವಾರದಿಂದ ಹೊಸ ಕೆಲಸವಂತೆ, ಕಾರು ಬೇಕಂತೆ. ಬಸ್ಸಲ್ಲಿ ಹೋಗು ಅಂದೆ. ಎರಡು ಬಸ್ ಬದಲಾಯಿಸ್ಬೇಕು... ಬದಲಾಯಿಸ್ಲಿ.

ಯಾಕೆ ಹಾಗೆ ನೋಡ್ತೀರಿ? ಓ, ಗೋಡೆ ಫ್ಯಾನಾ? ನಾನೇ ಆರಿಸ್ದೆ. ಅದರ ಕೆಳಗೆ ಯಾರೂ ಇರ್ಲಿಲ್ವಲ್ಲ. ಸುಮ್ನೆ ತಿರುಗೋ ಫ್ಯಾನ್ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಊಟದ ಮಧ್ಯೆ ಕೈ ತೊಳೆಯೋಕೆ ಎದ್ರೂ ಆರಿಸ್ತೀರಲ್ರೀ ಅಂತ ನಮ್ಮನೆಯವಳು ದಿನಾ ಬೈತಾಳೆ.

ನೀರು ನೋಡಿದ್ರಾ? ತುಂಬಿದೆ ಅಲ್ವಾ? ಪೈಪು? ಸೋರ್ತಿಲ್ಲ ತಾನೇ? ನಾನು ಹೇಳ್ಲಿಲ್ವಾ! ತಪ್ಪು ಗಾಡಿದಲ್ಲ, ಓಡಿಸೋರದ್ದು.

ಏನದು ಕೈಲಿ... ವೈರು. ತುದಿಗೆ ಟೇಪು. ಚೀಟಿ ಬೇರೆ... ನನ್ನ ಮುಂದೆ ಯಾಕೆ ಹಿಡೀತೀರಿ? ಕನ್ನಡಕ ತಂದಿಲ್ಲ ನಾನು. ಮೂಗಿನ ಮೇಲಿರೋದಾ? ಅದು... ದೂರದ್ದು.

ಸರಿ, ಸರಿ. "ಅನಗತ್ಯವಾಗಿ ತಿರುಗುತ್ತದೆ. ಕಿತ್ತಿದೆ. ತಾರೀಕು ಮೂರು." ಅಕ್ಷರ ನಂದೇ. ಹೋದ ತಿಂಗಳು, ಅವಳು ಓಡಿಸೋಕೆ ಮುಂಚೆ ಅಂಟಿಸಿದ್ದು. ಮೂವತ್ತು ವರ್ಷ ಉಗ್ರಾಣ ನೋಡ್ಕೊಂಡವನು, ಏನು ತೆಗೆದ್ರೂ ಚೀಟಿ ಅಂಟಿಸ್ತೀನಿ. ಎಂಜಿನ್ ಆರಿಸಿ ಇಳಿದು ಬಂದ್ರೂ ಬಾನೆಟ್ ಒಳಗೆ ಎಂಜಿನ್ ತಣ್ಣಗೆ ಮಾಡೋ ಆ ಫ್ಯಾನು ತಿರುಗ್ತಾನೇ ಇತ್ತು ಮೇಸ್ತ್ರಿ! ಕಾರಲ್ಲಿ ಒಂದು ನರಪಿಳ್ಳೆ ಇಲ್ಲ. ಯಾರಿಗೆ ಗಾಳಿ ಅದು?

ಆವತ್ತು ಕುದ್ದಾಗಲೇ ನನಗೆ ಅನುಮಾನ ಬಂತು. ಅಷ್ಟೊತ್ತಿಗೆ ಅವಳನ್ನ ಬೈದಾಗಿತ್ತು. ಬೈದ ಮೇಲೆ ಹೇಗೆ ಹೇಳೋದು? ಗುಟ್ಟಾಗಿ ವೈರು ವಾಪಸ್ ಸಿಕ್ಕಿಸಿದೆ ಕೂಡ. ಮತ್ತೆ ತಿರುಗೋಕೆ ಶುರು... ನೋಡೋಕಾಗ್ಲಿಲ್ಲ. ಕಿತ್ತೆ.

ಏನಾದ್ರೂ ಅನ್ನಿ ಮಾರಾಯ್ರೆ. ನನ್ನ ಭುಜದ ಹಿಂದೆ ಏನು ನೋಡ್ತಿದ್ದೀರಿ?

...ಯಾವಾಗ ಎದ್ದು ಬಂದೆ ಮಗಳೇ? ಚೀಟಿ ಓದಿದಾಗಿಂದ್ಲೇ ಕೇಳಿಸ್ಕೊಂಡ್ಯಾ... ಬೆವರ್ತಾ ಇದ್ದೀಯಲ್ಲ. ಇರು, ಆ ಗೋಡೆ ಫ್ಯಾನ್ ಹಾಕ್ತೀನಿ. ಮೊದಲು ಈ ಕೀ ಹಿಡ್ಕೊ.