ಸುಡದೆ ಮಣ್ಣಿಗೆ ಸೇರಿಸಿದ ಜೋಳದ ದಂಟು

ಮಣ್ಣು ಪರೀಕ್ಷೆಯ ಕಚೇರಿಯ ಬೆಂಚಿನ ಮೇಲೆ ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತಾ ನನ್ನ ಸರದಿಗಾಗಿ ಕಾಯುತ್ತಿದ್ದೆ. ವರದಿ ಕೇಳಲು ಒಳಗೆ ಹೋಗಿದ್ದ ಒಬ್ಬ ಯುವತಿ ಹೊರಗೆ ಬಂದಳು. ನನ್ನ ಪಕ್ಕದಲ್ಲಿ ಕುಳಿತಿದ್ದ ಅವಳ ಅತ್ತೆ ತಟ್ಟನೆ ಎದ್ದು ನಿಂತರು.

"ಏನಂದ್ರು? ಹೊಲ ಹಾಳಾಯ್ತಂತಾ?"

"ಇಲ್ಲ ಅತ್ತೆ. ಮಣ್ಣು ಹೋದ ವರ್ಷಕ್ಕಿಂತ ಚೆನ್ನಾಗಿದೆಯಂತೆ."

"ಮತ್ತೆ ಪೈರು ಯಾಕೆ ಕಾಮಾಲೆ ಬಂದಂಗೆ ಹಳದಿಯಾಗಿದೆ?"

"ನನ್ನ ಆತುರ. ಜೋಳದ ದಂಟನ್ನ ಸುಡದೆ ಮಣ್ಣಿಗೆ ಸೇರಿಸಿದ್ದು ಸರಿನೇ ಅಂತೆ. ಅದು ಕೊಳೆಯೋ ಮುಂಚೆ ಬಿತ್ತಿದ್ದು ತಪ್ಪು. ಕೊಳೆಯೋವಾಗ ಮಣ್ಣಿನ ಸಾರಾನೆಲ್ಲ ಅದೇ ಎಳ್ಕೊಳ್ಳುತ್ತಂತೆ, ಪೈರಿಗೆ ಉಪವಾಸ."

"ಈಗೇನು ಮಾಡೋದು?"

"ಸ್ವಲ್ಪ ಯೂರಿಯಾ ಹಾಕಿದ್ರೆ ಹದಿನೈದು ದಿನದಲ್ಲಿ ಹಸಿರಾಗುತ್ತೆ ಅಂದ್ರು."

ಅತ್ತೆ ಮತ್ತೆ ಕುಳಿತರು.

"ಅಬ್ಬಾ! ಎಂಟು ದಿನದಿಂದ ಒಂದು ತುತ್ತು ಗಂಟಲಲ್ಲಿ ಇಳಿದಿರಲಿಲ್ಲ ಕಣೇ."

"ಲಾರಿ ಓಡಿಸೋ ಕೆಲಸದಿಂದ ಊರಿಗೆ ಬಂದು ಹೊಲ ನೋಡಿದ ನಿಮ್ಮ ಮಗ ನನ್ನನ್ನ ಒಂದು ಮಾತೂ ಅನ್ನಲಿಲ್ಲ. ಅದೇ ಆಶ್ಚರ್ಯ."

"ಅದೆಲ್ಲಾ ನಾನು ಮಾಡಿಸಿದ್ದು ಅಂತ ಅವನಿಗೆ ಹೇಳಿದೀನಿ."

"ಯಾಕತ್ತೆ?"

"ನಿನ್ನನ್ನ ಬೈದಿದ್ರೆ ನೀನು ಇನ್ಯಾವತ್ತೂ ಹೊಸದಕ್ಕೆ ಕೈ ಹಾಕ್ತಿರಲಿಲ್ಲ."

"ಅದಕ್ಕೇ ನಿಮ್ಮ ಹತ್ರ ಮುಖ ಊದಿಸ್ಕೊಂಡಿದಾರಾ!"

"ಹೂಂ. ಇವತ್ತು ನಿಜ ಹೇಳಿಬಿಡ್ತೀನಿ. ಒಳ್ಳೇದಾದ್ಮೇಲೆ ಹೆಸರು ನಿಂದೇ ಇರಲಿ."

"ಪೈರು ಹಸಿರಾಗಲಿ, ಆಮೇಲೆ ಹೇಳಿ."

"ಅಲ್ಲೀವರೆಗೂ ನಾನೇ ಬೈಸ್ಕೊಳ್ಳಲಾ?"

"ಹದಿನೈದೇ ದಿನ ಅತ್ತೆ."

ಇಬ್ಬರೂ ನಗುತ್ತಾ ಬಾಗಿಲು ದಾಟಿದರು. ಮೆಟ್ಟಿಲಿನಿಂದ ಅತ್ತೆಯ ದನಿ ಕೇಳಿಸಿತು:

"ಹತ್ತು ದಿನದಲ್ಲಿ ಆಗಲ್ವಾ ಅಂತ ಒಂದು ಮಾತು ಕೇಳಬಾರದಿತ್ತೇನೇ?"